ಯಾರ ಕೈಗೆ, ಯಾವ ನೆಲಕ್ಕೆ

ಉಕ್ಕಿನ ಉಪಕರಣಗಳಿಗೆ ಹದ ಕೊಡುವ ಕಾರ್ಖಾನೆಯ ವಿಭಾಗವೊಂದರಲ್ಲಿ ನಾನು ಮೇಲ್ವಿಚಾರಕನಾಗಿದ್ದೇನೆ. ಇಲ್ಲಿ ಉಷ್ಣತೆಯನ್ನು ತೋರಿಸುವ ಮಾಪಕಗಳಿವೆ, ಗಡಸುತನವನ್ನು ಅಂಕಿಯಲ್ಲಿ ಹೇಳುವ ಯಂತ್ರವಿದೆ. ಆದರೆ ಹದವೆಂದರೇನೆಂದು ನಾನು ಕಲಿತದ್ದು ಇವು ಯಾವುವೂ ಇಲ್ಲದ ಹಳ್ಳಿಯ ಕುಲುಮೆಯಲ್ಲಿ, ಈಚೆಗೆ ತೀರಿಕೊಂಡ ಕಮ್ಮಾರರೊಬ್ಬರ ಕೈಕೆಳಗೆ. ಅವರ ಬದುಕಿನಿಂದ ನಾನು ಪಡೆದುಕೊಂಡ ಒಂದು ಪ್ರಶ್ನೆ ಇಂದಿಗೂ ನನ್ನ ಕೆಲಸವನ್ನು ನಡೆಸುತ್ತಿರುವುದರಿಂದ ಅವರನ್ನು ನೆನೆಯುತ್ತ ಇದನ್ನು ಬರೆಯುತ್ತಿದ್ದೇನೆ.

ಯಾರಾದರೂ ಹೊಸ ಗುದ್ದಲಿ ಬೇಕೆಂದು ಬಂದರೆ ಅವರು ಮೊದಲು ಹಳೆಯ ಗುದ್ದಲಿಯನ್ನು ತರಲು ಹೇಳುತ್ತಿದ್ದರು. ಸವೆದ ಬಾಯಿಯನ್ನು ಬೆಳಕಿಗೆ ಹಿಡಿದು, ಬಲಮೂಲೆ ಹೆಚ್ಚು ಸವೆದಿದೆಯೋ ಎಡಮೂಲೆಯೋ, ಅಲಗು ಮಡಿಚಿಕೊಂಡಿದೆಯೋ ಅಥವಾ ಚೂರು ಕಿತ್ತುಹೋಗಿದೆಯೋ ಎಂಬುದನ್ನು ಬೆರಳಿನಿಂದ ಸವರಿ ನೋಡಿದ ಮೇಲೆ, ‘ಯಾರ ಕೈಗೆ, ಯಾವ ನೆಲಕ್ಕೆ?’ ಎಂದು ಕೇಳುತ್ತಿದ್ದರು. ಬಗ್ಗಿ ಕೆಲಸ ಮಾಡಲಾರದ ಹಿರಿಯರಿಗಾದರೆ ಅಲಗಿಗೂ ಕಾವಿಗೂ ನಡುವಿನ ಕೋನವನ್ನು ಬದಲಿಸುತ್ತಿದ್ದರು. ಕಲ್ಲು ಹೆಚ್ಚಿರುವ ನೆಲವಾದರೆ ಬಾಯಿಯನ್ನು ತೆಳುವಾಗಿ ಎಳೆಯದೆ ದಪ್ಪ ಉಳಿಸುತ್ತಿದ್ದರು. ಉತ್ತರ ದೊರೆಯುವವರೆಗೆ ಕಬ್ಬಿಣ ಬೆಂಕಿಗೆ ಹೋಗುತ್ತಿರಲಿಲ್ಲ.

ಈ ಪ್ರಶ್ನೆ ಏಕೆ ಅಷ್ಟು ಮುಖ್ಯ ಎಂಬುದು ಉಕ್ಕಿನ ಸ್ವಭಾವದಲ್ಲೇ ಇದೆ. ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ ಇರುವ ಮೆದು ಉಕ್ಕನ್ನು ಎಷ್ಟು ಕಾಸಿ ನೀರಿಗೆ ಅದ್ದಿದರೂ ಅದು ಉಪಕರಣಕ್ಕೆ ಬೇಕಾದಷ್ಟು ಗಡಸಾಗುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಂತಹ ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ 0.6ರಷ್ಟು ಇರುತ್ತದೆ, ಅದನ್ನು 800 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಸಿ ಥಟ್ಟನೆ ತಣಿಸಿದರೆ ಒಳರಚನೆಯೇ ಬದಲಾಗಿ ಮಾರ್ಟೆನ್ಸೈಟ್ ಎಂಬ ಬಹಳ ಗಡಸಾದ ರೂಪ ತಾಳುತ್ತದೆ. ಆದರೆ ಅದೇ ಸ್ಥಿತಿಯಲ್ಲಿ ಅದು ಪೆಡಸಾಗಿಯೂ ಇರುವುದರಿಂದ ಒಂದು ಕಲ್ಲಿಗೆ ಬಡಿದರೆ ಸಾಕು, ಬಾಯಿ ಚೂರಾಗುತ್ತದೆ. ಆದ್ದರಿಂದ ಮತ್ತೆ ಹದವಾಗಿ ಕಾಸಿ ಗಡಸುತನವನ್ನು ಸ್ವಲ್ಪ ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯಬೇಕಾಗುತ್ತದೆ. ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ಉಕ್ಕು ಹೇಳುವುದಿಲ್ಲ, ಅದನ್ನು ಬಳಸುವವರ ಕೆಲಸವೇ ಹೇಳಬೇಕು.

ಅವರು ಇದನ್ನು ಬಣ್ಣದಿಂದ ಅಳೆಯುತ್ತಿದ್ದರು. ಕಾದ ಉಪಕರಣದ ಬಾಯಿಯನ್ನಷ್ಟೇ ನೀರಿಗೆ ಅದ್ದಿ ತೆಗೆದು, ಕಲ್ಲಿನ ಚೂರಿನಿಂದ ಉಜ್ಜಿ ಬೆಳ್ಳಗೆ ಮಾಡಿ ಕಾಯುತ್ತಿದ್ದರು. ಹಿಂಬದಿಯಲ್ಲಿ ಉಳಿದ ಶಾಖ ನಿಧಾನವಾಗಿ ಅಲಗಿನತ್ತ ಹರಿದು ಬರುವಾಗ ಉಕ್ಕಿನ ಮೇಲೆ ತೆಳುವಾದ ಆಕ್ಸೈಡ್ ಪೊರೆ ಕಟ್ಟುತ್ತದೆ, ಪೊರೆಯ ದಪ್ಪಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ: ಸುಮಾರು 220ರಿಂದ 230 ಡಿಗ್ರಿಗೆ ಒಣಹುಲ್ಲಿನ ಹಳದಿ, 250ರ ಆಸುಪಾಸಿನಲ್ಲಿ ಕಂದು, 280ರ ಹತ್ತಿರ ನೇರಳೆ, 300ರ ಸಮೀಪ ನೀಲಿ. ಮರಗೆಲಸದ ಉಳಿಗೆ ಹಳದಿಯಲ್ಲೇ ನಿಲ್ಲಿಸುತ್ತಿದ್ದರು, ಕೊಡಲಿಗೆ ನೇರಳೆಯನ್ನು ಕಾಯುತ್ತಿದ್ದರು, ಕಲ್ಲುನೆಲದ ಗುದ್ದಲಿಗೆ ನೀಲಿ ಬರುವವರೆಗೆ ಬಿಡುತ್ತಿದ್ದರು. ಬೇಕಾದ ಬಣ್ಣ ಬಾಯಿಗೆ ತಲುಪಿದ ಕ್ಷಣ ಇಡೀ ಉಪಕರಣ ನೀರಿಗಿಳಿಯುತ್ತಿತ್ತು. ಆ ಕ್ಷಣವನ್ನು ಗುರುತಿಸುವ ಕಣ್ಣನ್ನು ನಾನು ಬೇರೆ ಯಾರಲ್ಲಿಯೂ ಕಂಡಿಲ್ಲ.

ಕಲಿಯುವವರಿಗಾಗಿ ಅವರು ಹಳೆಯ ಧ್ವನಿವರ್ಧಕದಿಂದ ಕಿತ್ತ ಅಯಸ್ಕಾಂತವೊಂದನ್ನು ತಂತಿಗೆ ಕಟ್ಟಿ ನೇತುಹಾಕಿದ್ದರು. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನು ಸ್ವಲ್ಪ ಕಾಸಿದರೆ ಅದ್ದಲು ಸರಿಯಾದ ಬಿಸಿ ಬರುತ್ತದೆ. ಅವರಿಗೆ ಸ್ವತಃ ಅದರ ಅಗತ್ಯವಿರಲಿಲ್ಲ.

ಕೆಂಪಿನ ಛಾಯೆಗಳು ನಡುಹಗಲಿನ ಬೆಳಕಿನಲ್ಲಿ ಮಂಕಾಗಿ ಕಾಣುವುದರಿಂದ ಕಬ್ಬಿಣವನ್ನು ಬೇಕಾದದ್ದಕ್ಕಿಂತ ಹೆಚ್ಚು ಕಾಸಿಬಿಡುವ ಅಪಾಯವಿರುತ್ತದೆ, ಆದ್ದರಿಂದ ಹದ ಹಾಕುವ ಕೆಲಸಕ್ಕೆ ಮಬ್ಬು ಬೆಳಕು ಬೇಕು. ಅದು ಮುಂಜಾನೆಯೂ ಸಿಗುತ್ತದೆ, ಮುಸ್ಸಂಜೆಯೂ ಸಿಗುತ್ತದೆ. ಅವರು ಬದುಕಿಡೀ ಮುಂಜಾನೆಯನ್ನೇ ಆರಿಸಿಕೊಂಡರು, ಏಕೆಂದರೆ ಸಂಜೆ ಮಕ್ಕಳದಾಗಿತ್ತು. ಹೊತ್ತು ಇಳಿದ ಮೇಲೆ ಎಷ್ಟೇ ಅವಸರದ ಕೆಲಸ ಬಂದರೂ ‘ಬೆಳಗಿನ ಜಾವಕ್ಕೆ ಮಾಡಿ ಕೊಡುತ್ತೇನೆ’ ಎನ್ನುತ್ತಿದ್ದರು, ಹೇಳಿದಂತೆ ಎಲ್ಲರಿಗಿಂತ ಮೊದಲೇ ಎದ್ದು ಮಾಡಿಯೂ ಕೊಡುತ್ತಿದ್ದರು. ಕುಟುಂಬಕ್ಕೆ ಕೊಟ್ಟ ಸಮಯದ ಬೆಲೆಯನ್ನು ಗಿರಾಕಿಯ ಮೇಲೆ ಹೊರಿಸದೆ ತಮ್ಮ ನಿದ್ದೆಯಿಂದಲೇ ತೆತ್ತ ಅವರ ಈ ನಿಷ್ಠೆ ನನಗೆ ಅವರ ಕೈಚಳಕಕ್ಕಿಂತಲೂ ದೊಡ್ಡದಾಗಿ ತೋರುತ್ತದೆ.

ಆ ಕುಲುಮೆಯಲ್ಲಿ ಅರ್ಧ ಕೆಲಸ ಅವರ ಪತ್ನಿಯದು. ತಿದಿಯ ಗಾಳಿಯನ್ನು ಹಿಡಿತದಲ್ಲಿಟ್ಟವರೂ ಅವರೇ, ದೊಡ್ಡ ಸಮ್ಮಟಿಗೆಯನ್ನು ಎತ್ತಿ ಹೊಡೆದವರೂ ಅವರೇ. ಕಮ್ಮಾರರು ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟಿ ತೋರಿಸುತ್ತಿದ್ದರೋ ಅಲ್ಲಿಗೇ ಸಮ್ಮಟಿಗೆಯ ಏಟು ಬೀಳುತ್ತಿತ್ತು. ಸುತ್ತಿಗೆ ಕಬ್ಬಿಣವನ್ನು ಬಿಟ್ಟು ಅಡಿಗಲ್ಲಿನ ಮೇಲೆ ಒಮ್ಮೆ ಕುಣಿದರೆ ಸಮ್ಮಟಿಗೆ ನಿಲ್ಲುತ್ತಿತ್ತು. ಸದ್ದಿನ ನಡುವೆ ಮಾತು ಕೇಳಿಸದ ಜಾಗದಲ್ಲಿ ಇಬ್ಬರ ಸುರಕ್ಷತೆಯೂ ಈ ಸಂಕೇತದ ಮೇಲೆ ನಿಂತಿತ್ತು. ಕಮ್ಮಾರರನ್ನು ಯಾರಾದರೂ ಹೊಗಳಿದರೆ ಅವರು ಮೊದಲು ಪತ್ನಿಯತ್ತ ಕೈ ತೋರಿಸುತ್ತಿದ್ದರು, ಅದು ಸೌಜನ್ಯದ ಮಾತಾಗಿರದೆ ಸರಿಯಾದ ಲೆಕ್ಕವಾಗಿತ್ತು. ದಿನಕ್ಕೆ 8 ಗಂಟೆಯ ಕೆಲಸದಲ್ಲಿ ಸದ್ದು 85 ಡೆಸಿಬಲ್ ದಾಟಬಾರದೆಂದು ನಮ್ಮಲ್ಲಿ ಈಗ ಫಲಕ ಹಾಕಿ ಕಿವಿಗೆ ರಕ್ಷಣೆ ಕೊಡುತ್ತೇವೆ. ಆ ದಂಪತಿಗೆ ಅಂತಹ ರಕ್ಷಣೆ ಇರಲಿಲ್ಲ, ಇಳಿವಯಸ್ಸಿನಲ್ಲಿ ಇಬ್ಬರಿಗೂ ಕಿವಿ ಮಂದವಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ, ನನ್ನ ವಿಭಾಗದಲ್ಲಿ ಕಿವಿಯ ರಕ್ಷಣೆ ಇಲ್ಲದೆ ಯಾರೂ ಒಳಗೆ ಬರಬಾರದೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವೂ ಇದೇ.

ಬೇಡವೆನ್ನುವ ಧೈರ್ಯವೂ ಅವರಲ್ಲಿತ್ತು. ಸತುವಿನ ಲೇಪವಿರುವ ಕೊಳವೆಯನ್ನು ಬೆಂಕಿಗೆ ಹಾಕಲು ಎಂದೂ ಒಪ್ಪಲಿಲ್ಲ. ಸತು ಸುಮಾರು 907 ಡಿಗ್ರಿಗೆ ಕುದಿಯುತ್ತದೆ, ಅದರ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ನಡುಕ ಮತ್ತು ಜ್ವರ ಬರುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೂ ಗೊತ್ತಿರುವ ಸಂಗತಿ. ಹಾಗೆಯೇ ಹಳೆಯ ಸ್ಪ್ರಿಂಗ್ ಪಟ್ಟಿ ಬಂದರೆ ಅದನ್ನು ತೂಗುಹಾಕಿ ತಟ್ಟಿ ಸದ್ದನ್ನು ಆಲಿಸುತ್ತಿದ್ದರು. ನಾದ ಒಡೆದು ಬಂದರೆ ಒಳಗೆ ಬಿರುಕಿದೆ ಎಂದು ತಿಳಿದು ಪಕ್ಕಕ್ಕಿಡುತ್ತಿದ್ದರು. ಕಿವಿ ಮಂದವಾದ ಮೇಲೆ ಈ ಪರೀಕ್ಷೆಯನ್ನು ಮಗಳಿಗೆ ವಹಿಸಿದರು. ಮಕ್ಕಳಿಗೆ ಕಸುಬಿನ ತಿಳಿವಳಿಕೆ ಕೊಟ್ಟರೇ ಹೊರತು ಕಸುಬನ್ನೇ ಮುಂದುವರಿಸಬೇಕೆಂಬ ಒತ್ತಾಯ ಮಾಡಲಿಲ್ಲ.

ನಮ್ಮ ವಿಭಾಗಕ್ಕೆ ಮುರಿದ ಉಪಕರಣ ವಾಪಸು ಬಂದಾಗ ಗಡಸುತನದ ಅಂಕಿಯನ್ನು ನೋಡಿ, ಅದು ನಿಗದಿತ ಮಿತಿಯೊಳಗಿದ್ದರೆ ತಪ್ಪು ಬಳಸಿದವರದೆಂದು ಬರೆದುಬಿಡುವುದು ಸುಲಭ. ಒಮ್ಮೆ ಉಳಿಗಳ ತಂಡವೊಂದು ಹೀಗೆ ಹಿಂದಿರುಗಿ ಬಂದಾಗ ಅಂಕಿಗಳೆಲ್ಲ ಸರಿಯಾಗಿದ್ದವು. ನಾನು ಬಳಸಿದವರಲ್ಲಿಗೇ ಹೋಗಿ ನೋಡಿದೆ. ಅವರು ಉಳಿಯನ್ನು ಕೆತ್ತುವುದಕ್ಕಷ್ಟೇ ಅಲ್ಲದೆ ಗಂಟು ತುಂಬಿದ ಮರವನ್ನು ಮೀಟಿ ಬಿಡಿಸಲೂ ಬಳಸುತ್ತಿದ್ದರು, ಆ ಕೆಲಸಕ್ಕೆ ಅವರಲ್ಲಿ ಬೇರೆ ಉಪಕರಣವೂ ಇರಲಿಲ್ಲ. ಮರಳಿ ಕಾಸುವ ಉಷ್ಣತೆಯನ್ನು ಏರಿಸಿ ಗಡಸುತನವನ್ನು ತುಸು ಇಳಿಸಿದೆವು. ಸಾಣೆ ಸ್ವಲ್ಪ ಬೇಗ ಹಿಡಿಯಬೇಕಾಯಿತು, ಆದರೆ ಮುರಿಯುವುದು ನಿಂತಿತು. ಅಂದಿನಿಂದ ನಮ್ಮ ಕೆಲಸದ ಚೀಟಿಯಲ್ಲಿ ಗಡಸುತನದ ಅಂಕಿಗಿಂತ ಮೇಲೆ, ಉಪಕರಣವನ್ನು ಯಾರು, ಯಾವುದರ ಮೇಲೆ, ಹೇಗೆ ಬಳಸುತ್ತಾರೆ ಎಂಬ ಸಾಲೊಂದು ಸೇರಿದೆ. ಅದು ಖಾಲಿ ಇದ್ದರೆ ಸರಕು ಕುಲುಮೆಗೆ ಹೋಗುವುದಿಲ್ಲ.

ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಯಂತ್ರವನ್ನು ತೋರಿಸುವ ಮೊದಲು ಆ ಕಮ್ಮಾರರು ಕಲಿಸಿದಂತೆಯೇ ಎರಡು ತುಂಡುಗಳನ್ನು ಮುರಿಸಿ ನೋಡಿಸುತ್ತೇನೆ. ಸರಿಯಾಗಿ ಕಾಸಿ ಅದ್ದಿದ ತುಂಡಿನ ಮುರಿದ ಮುಖ ಬೂದು ಬಣ್ಣದ ನುಣುಪಾದ ಕಣಗಳಿಂದ ಕೂಡಿರುತ್ತದೆ, ಅತಿಯಾಗಿ ಕಾಸಿದ್ದರಲ್ಲಿ ದಪ್ಪ ಕಣಗಳು ಮಿನುಗುತ್ತವೆ. ಆಮೇಲೆ ಪ್ರತಿಯೊಬ್ಬರ ಕೈಗೂ ಸವೆದ ಉಪಕರಣವೊಂದನ್ನು ಕೊಟ್ಟು, ಅದನ್ನು ಹಿಡಿದವರ ಕೈ ಯಾವುದು, ನೆಲ ಯಾವುದು ಎಂದು ಬರೆದುಕೊಡಲು ಹೇಳುತ್ತೇನೆ.