ಮೈಲುತುತ್ತದ ಹರಳು: ಮೂರನೆಯ ಪ್ರಯತ್ನದವರೆಗೆ

ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು ತಯಾರಿಸುವುದು: ಮುಂದಿನ ವಾರ ಮಕ್ಕಳ ಕೈಯಿಂದ ಮಾಡಿಸಬೇಕಾದ ಪ್ರಯೋಗವಿದು. ಅವರಿಗೆ ಹೇಳುವ ಮೊದಲು ನನ್ನ ಕೈಗೆ ಬರಬೇಕು ಎಂದು ಶಾಲೆಯ ಪ್ರಯೋಗಾಲಯದಲ್ಲಿ ಸಂಜೆ ಹೊತ್ತು ಕುಳಿತು ಮಾಡುತ್ತಿದ್ದೇನೆ.

ಸೋಮವಾರ

ತಾಮ್ರದ ಚೂರನ್ನು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲಕ್ಕೆ ಹಾಕಿದರೆ ಅದು ಸುಮ್ಮನೆ ತಳದಲ್ಲಿ ಬಿದ್ದಿರುತ್ತದೆ. ಹೈಡ್ರೋಜನ್ನನ್ನು ಹೊರದಬ್ಬುವ ಶಕ್ತಿ ತಾಮ್ರಕ್ಕಿಲ್ಲ. ಹಾಗಾಗಿ ಕಪ್ಪು ಪುಡಿಯಾದ ತಾಮ್ರದ ಆಕ್ಸೈಡ್ ತೆಗೆದುಕೊಂಡೆ. 1 ಮೋಲಾರ್ (ಲೀಟರಿಗೆ ಒಂದು ಮೋಲ್ ಸಾಂದ್ರತೆಯ) ಆಮ್ಲ 25 ಮಿಲಿಲೀಟರ್. ಬೆಚ್ಚಗೆ ಮಾಡಿ ಚಿಟಿಕೆ ಚಿಟಿಕೆಯಾಗಿ ಪುಡಿ ಹಾಕಿ ಕಲಕಿದೆ. ನೀಲಿ ಗಾಢವಾದ ಕೂಡಲೇ ಸಾಕೆಂದು ನಿಲ್ಲಿಸಿದೆ. ತಪ್ಪಿದ್ದು ಅಲ್ಲಿಯೇ. ಉಳಿದ ಆಮ್ಲ ನೀರಿನ ಜೊತೆ ಆವಿಯಾಗಿ ಹೋಗುವುದಿಲ್ಲ. ನೀರು ಹೋದಂತೆ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಬಂದ ಹರಳುಗಳನ್ನು ಎಷ್ಟು ಬಾರಿ ಕಾಗದದಲ್ಲಿ ಒತ್ತಿದರೂ ಮತ್ತೆ ಜಿನುಗುತ್ತಿದ್ದವು. ಮಕ್ಕಳು ಬರಿಗೈಯಲ್ಲಿ ಮುಟ್ಟಿದ್ದರೆ ಎಂದು ನೆನೆದು ಗಾಬರಿಯಾಯಿತು.

ಮಂಗಳವಾರ

ಲೆಕ್ಕದ ಪ್ರಕಾರ ಅಷ್ಟು ಆಮ್ಲಕ್ಕೆ 2 ಗ್ರಾಂ ಆಕ್ಸೈಡ್ ಸಾಕು. 2.4 ಗ್ರಾಂ ತೂಗಿಟ್ಟುಕೊಂಡೆ. ಎಷ್ಟು ಕಲಕಿದರೂ ತಳದಲ್ಲಿ ಕಪ್ಪು ಉಳಿಯಿತು ಎಂದರೆ ಆಮ್ಲ ಮುಗಿದಂತೆ. ಹೆಚ್ಚಾದ ಪುಡಿ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಸೋಸು ಕಾಗದದಲ್ಲೇ ನಿಂತುಬಿಡುತ್ತದೆ. ಸೋಸಿದ ದ್ರಾವಣ ಎಷ್ಟು ತಿಳಿಯಾಗಿತ್ತೆಂದರೆ ಬೀಕರಿನ ಆಚೆ ಇಟ್ಟ ಅಕ್ಷರಗಳನ್ನು ನೀಲಿಯಲ್ಲೇ ಓದಬಹುದಿತ್ತು.

ಆದರೆ ಕತ್ತಲಾಗುತ್ತಿದೆ ಎಂದು ಉರಿ ಜೋರು ಮಾಡಿದೆ. ಪಿಂಗಾಣಿ ಬಟ್ಟಲಿನ ಅಂಚಿನಿಂದ ಹನಿಗಳು ಸಿಡಿದವು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ಬಟ್ಟಲಿನ ತಳ ಒಣಗಿ ಬೂದುಬಿಳುಪಿನ ಪುಡಿಯಾಯಿತು. ಹರಳಿನೊಳಗೆ ತಾಮ್ರದ ಸಲ್ಫೇಟಿನ ಒಂದೊಂದು ಪಾಲಿಗೆ ಐದು ನೀರಿನ ಅಣುಗಳಿರುತ್ತವೆ. ಅವು ಹೋದರೆ ಬಣ್ಣವೂ ಹೋಗುತ್ತದೆ. ಒಂದು ಹನಿ ನೀರು ಬಿಟ್ಟೆ. ಹನಿ ಬಿದ್ದ ಜಾಗದಿಂದ ನೀಲಿ ಹರಡುತ್ತಾ ಹೋಯಿತು, ಬಟ್ಟಲೂ ಬೆಚ್ಚಗಾಯಿತು. ಇದನ್ನು ಮಕ್ಕಳಿಗೆ ಬೇರೆಯಾಗಿಯೇ ತೋರಿಸುತ್ತೇನೆ.

ಗುರುವಾರ

ಮಂಗಳವಾರದಂತೆಯೇ ಹೊಸ ದ್ರಾವಣ ಮಾಡಿ ಸೋಸಿ, ಈ ಸಲ ಬಟ್ಟಲನ್ನು ಕುದಿಯುವ ನೀರಿನ ಬೀಕರಿನ ಮೇಲೆ ಇಟ್ಟೆ. ದ್ರಾವಣ ಅರ್ಧಕ್ಕಿಂತ ಕಡಿಮೆಯಾದ ಮೇಲೆ ಗಾಜಿನ ಕಡ್ಡಿ ಅದ್ದಿ ಎತ್ತಿ ಹಿಡಿದು ಕಾದೆ. ಕಡ್ಡಿಯ ಮೇಲಿನ ತೇವ ತಣ್ಣಗಾಗುತ್ತಿದ್ದಂತೆ ಸಣ್ಣ ಚುಕ್ಕಿಗಳು ಗಟ್ಟಿಯಾದವು. ಉರಿ ಆರಿಸಲು ಅದೇ ಸರಿಯಾದ ಗಳಿಗೆ. ಬಟ್ಟಲನ್ನು ಮುಚ್ಚಿ, ಯಾರೂ ಅಲುಗಿಸದ ಕಪಾಟಿನಲ್ಲಿಟ್ಟು ಮನೆಗೆ ಹೋದೆ.

ಶುಕ್ರವಾರ

ಬೆಳಿಗ್ಗೆ ತೆರೆದಾಗ ಓರೆಯಂಚಿನ, ಚಪ್ಪಟೆಯಾದ ಕಡುನೀಲಿ ಹರಳುಗಳು! ಕೆಲವು ಉಗುರಿನಷ್ಟು ದೊಡ್ಡವು. ಸೋಸು ಕಾಗದದ ನಡುವೆ ಒತ್ತಿ ಒಣಗಿಸಿ ತೂಗಿದೆ: 4.1 ಗ್ರಾಂ. ಸಿಗಬಹುದಾದ ಗರಿಷ್ಠ 6.24 ಗ್ರಾಂ, ಅಂದರೆ ಸುಮಾರು ನೂರಕ್ಕೆ 66. ಉಳಿದದ್ದರಲ್ಲಿ ಹೆಚ್ಚಿನ ಪಾಲು ತಣ್ಣನೆಯ ದ್ರಾವಣದಲ್ಲೇ ಇದೆ. ಅದನ್ನು ಚರಂಡಿಗೆ ಚೆಲ್ಲಬಾರದು, ಮೀನುಗಳಿಗೆ ಅದು ವಿಷ. ಸೀಸೆಯಲ್ಲಿ ತುಂಬಿ, ಚೀಟಿ ಅಂಟಿಸಿ, ಚೆಂದದ ಒಂದು ಹರಳನ್ನು ದಾರಕ್ಕೆ ಕಟ್ಟಿ ಅದರಲ್ಲಿ ಇಳಿಬಿಟ್ಟಿದ್ದೇನೆ.

ಮುಂದಿನದು ಸೋಡಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪು. ಅಲ್ಲಿ ಪ್ರತ್ಯಾಮ್ಲವೂ (ಆಮ್ಲವನ್ನು ತಟಸ್ಥಗೊಳಿಸುವ ವಸ್ತು, ಇಲ್ಲಿ ತಾಮ್ರದ ಆಕ್ಸೈಡ್ ಇದ್ದ ಹಾಗೆ) ನೀರಿನಲ್ಲಿ ಕರಗುವಂಥದ್ದು, ಸೋಸಿ ತೆಗೆಯಲು ಏನೂ ಉಳಿಯುವುದಿಲ್ಲ. ಅದಕ್ಕೇ ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ಕೊಳವೆ, ಬ್ಯುರೆಟ್ ತೊಳೆದಿಟ್ಟಿದ್ದೇನೆ.