ಪೊಲೀಸ್ ಸರ್ಟಿಫಿಕೇಟ್‌ನಲ್ಲಿ ಬರೆದಿರದ ವಿಷಯ

ಬೆಂಗಳೂರಿನ ಹೊರವಲಯದ ಒಂದು ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ನಾನು ಎಚ್‌ಆರ್. ಫಿಸಿಕ್ಸ್ ಟೀಚರ್ ಇರಲಿ, ಬಸ್ ಆಯಾ ಇರಲಿ, ಕೆಲಸಕ್ಕೆ ಸೇರುವವರ ಫೈಲು ನನ್ನ ಟೇಬಲ್ ದಾಟಿಯೇ ಹೋಗಬೇಕು. ಅಡ್ಮಿಷನ್‌ಗೆ ಬರುವ ಪೋಷಕರು ಸಿಸಿಟಿವಿ ಎಷ್ಟಿದೆ, ಗೇಟಿನಲ್ಲಿ ಸೆಕ್ಯೂರಿಟಿ ಎಷ್ಟು ಜನ ಅಂತ ತಪ್ಪದೆ ಕೇಳುತ್ತಾರೆ. ಕೇಳಲಿ, ಒಳ್ಳೆಯದೇ. ಆದರೆ "ಈ ಟೀಚರ್ ಮೊದಲಿದ್ದ ಸ್ಕೂಲಿಗೆ ಫೋನ್ ಮಾಡಿ ವಿಚಾರಿಸಿದ್ರಾ?" ಅಂತ ಕೇಳಿದವರನ್ನು ನಾನಿನ್ನೂ ನೋಡಿಲ್ಲ. ನನ್ನನ್ನು ಕೇಳಿದರೆ, ಕ್ಯಾಮೆರಾಗಿಂತ ಮೊದಲು ಕೇಳಬೇಕಾದದ್ದು ಅದು.

ನಮ್ಮ ಫೀಲ್ಡಿನಲ್ಲಿ ಇದ್ದವರಿಗೆಲ್ಲ ವಿಲಿಯಂ ವೇಹಿ ಅನ್ನುವ ಹೆಸರು ಗೊತ್ತು. ಅಮೆರಿಕದ ಟೀಚರ್. 1969ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಸಿಕ್ಕಿಬಿದ್ದು ಶಿಕ್ಷೆಯಾಗಿತ್ತು. ಆಮೇಲೂ ಸುಮಾರು 40 ವರ್ಷ ದೇಶದಿಂದ ದೇಶಕ್ಕೆ ಹೋಗಿ ಪಾಠ ಮಾಡಿದ. ಟೆಹ್ರಾನ್, ಮ್ಯಾಡ್ರಿಡ್, ಜಕಾರ್ತಾ, ಕರಾಕಸ್, ಲಂಡನ್. ಎಲ್ಲವೂ ಹೆಸರಿರುವ ಇಂಟರ್‌ನ್ಯಾಷನಲ್ ಸ್ಕೂಲುಗಳೇ. ಮಕ್ಕಳಿಗೂ ಪೋಷಕರಿಗೂ ಅಚ್ಚುಮೆಚ್ಚಿನ ಮೇಷ್ಟ್ರು. ಕೊನೆಗೆ ನಿಕರಾಗುವಾದಲ್ಲಿ ಮನೆಕೆಲಸದಾಕೆ ಕದ್ದ ಒಂದು ಪೆನ್‌ಡ್ರೈವ್ ಸ್ಕೂಲಿನ ಕೈ ಸೇರಿತು. ಅದರಲ್ಲಿ ಪ್ರಜ್ಞೆ ಇಲ್ಲದ ಹುಡುಗರ ಫೋಟೋಗಳು, ಕನಿಷ್ಠ 90 ಮಕ್ಕಳದ್ದು. 2014ರ ಮಾರ್ಚ್‌ನಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಅದೇ ವರ್ಷ ಇಂಟರ್‌ನ್ಯಾಷನಲ್ ಸ್ಕೂಲುಗಳ ಹಲವು ಸಂಸ್ಥೆಗಳು ಸೇರಿ ಮಕ್ಕಳ ರಕ್ಷಣೆಗೆಂದು ಒಂದು ಟಾಸ್ಕ್‌ಫೋರ್ಸ್ ಮಾಡಿದವು. ಇವತ್ತು ನಾವು ಪಾಲಿಸುವ ನೇಮಕಾತಿ ನಿಯಮಗಳಲ್ಲಿ ಎಷ್ಟೋ ಅಲ್ಲಿಂದ ಬಂದದ್ದು.

ಈಗ ಹೊರದೇಶದಿಂದ ಬರುವವರು ತಾವು ಇದ್ದ ದೇಶಗಳ ಪೊಲೀಸ್ ಕ್ಲಿಯರೆನ್ಸ್ ತರಬೇಕು. ಬ್ರಿಟನ್‌ನಲ್ಲಿ ಇದ್ದವರಿಗೆ ಇದಕ್ಕೆಂದೇ ಬೇರೆ ಸರ್ಟಿಫಿಕೇಟ್ ಇದೆ. ನಮ್ಮವರಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿಸುತ್ತೇವೆ. ಇವೆಲ್ಲ ಬೇಕೇ ಬೇಕು. ಆದರೆ ಪೊಲೀಸರಿಗೆ ಗೊತ್ತಿರುವುದು ಅವರವರೆಗೆ ಹೋದ ವಿಷಯ ಮಾತ್ರ. ಸ್ಟಾಫ್‌ರೂಮಿನಲ್ಲಿ ಗುಸುಗುಸು ಆದದ್ದು, ಪ್ರಿನ್ಸಿಪಾಲರು ಬಾಗಿಲು ಹಾಕಿಕೊಂಡು ಮಾತಾಡಿ "ನೀವೇ ರಾಜೀನಾಮೆ ಕೊಟ್ಟುಬಿಡಿ" ಅಂದದ್ದು, ಯಾವ ಸರ್ಟಿಫಿಕೇಟಿನಲ್ಲೂ ಬರುವುದಿಲ್ಲ. ಜೊತೆಗೆ ಒಂದು ಒಳ್ಳೆಯ ಶಿಫಾರಸು ಪತ್ರ ಬೇರೆ ಕೈಗೆ ಕೊಟ್ಟಿರುತ್ತಾರೆ. ನಮ್ಮ ತಲೆನೋವು ಹೋದರೆ ಸಾಕು ಅಂತ. ಅದು ಮುಂದಿನ ಸ್ಕೂಲಿನ ತಲೆನೋವಾಗುತ್ತದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ, ಮುಂದಿನ ಸ್ಕೂಲಿನ ಮಕ್ಕಳ ಗತಿ?

ಹಾಗಾಗಿ ಫೋನು. ಅಭ್ಯರ್ಥಿ ಕೊಟ್ಟ ಮೊಬೈಲ್ ನಂಬರಿಗಲ್ಲ. ಆ ನಂಬರ್ ಯಾರದ್ದು ಅಂತ ನಮಗೇನು ಗೊತ್ತು? ಆ ಸ್ಕೂಲಿನ ವೆಬ್‌ಸೈಟಿನಲ್ಲಿರುವ ಲ್ಯಾಂಡ್‌ಲೈನಿಗೆ. ಮಾತಾಡಬೇಕಾದದ್ದು ಮುಖ್ಯಸ್ಥರ ಜೊತೆ, ಪಕ್ಕದ ಕ್ಲಾಸಿನ ಗೆಳೆಯನ ಜೊತೆಯಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ, ನೇಮಕಾತಿ ಸೀಸನ್‌ನಲ್ಲಿ, ನನ್ನ ಸಂಜೆಗಳೆಲ್ಲ ಇದಕ್ಕೇ ಹೋಗುತ್ತವೆ.

ಒಮ್ಮೆ ಡಿಪ್ಲೊಮಾ, ಅಂದರೆ ನಮ್ಮ ಪಿಯುಸಿ ಮಟ್ಟದ ತರಗತಿಗೆ ಫಿಸಿಕ್ಸ್ ಟೀಚರ್ ಬೇಕಿತ್ತು. ಸಿಗುವುದೇ ಕಷ್ಟ. ಇಂಟರ್‌ವ್ಯೂನಲ್ಲಿ ಒಬ್ಬರು ಎಲ್ಲರಿಗೂ ತುಂಬಾ ಇಷ್ಟವಾದರು. ಪೊಲೀಸ್ ಕ್ಲಿಯರೆನ್ಸ್ ಕ್ಲೀನ್. ಆದರೆ ರೆಸ್ಯೂಮೆಯಲ್ಲಿ ಕೊನೆಯ ಸ್ಕೂಲನ್ನು ವರ್ಷದ ಮಧ್ಯದಲ್ಲಿ ಬಿಟ್ಟಿದ್ದರು. ಟೀಚರ್‌ಗಳು ಹಾಗೆ ನಡುವೆ ಬಿಡುವುದು ಕಡಿಮೆ. ಕೇಳಿದ್ದಕ್ಕೆ ಮನೆ ಕಡೆ ಸಮಸ್ಯೆ ಅಂದರು. ಇರಬಹುದು. ನಾನು ಆ ಸ್ಕೂಲಿಗೆ ಫೋನ್ ಮಾಡಿದೆ. ಪಾಠ ಹೇಗೆ ಅಂತ ಕೇಳಿದಾಗ ಅಲ್ಲಿನ ಮೇಡಂ ಹೊಗಳಿದ್ದೇ ಹೊಗಳಿದ್ದು. "ಮತ್ತೆ ಅವರನ್ನ ಕೆಲಸಕ್ಕೆ ತಗೊಳ್ತೀರಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ನಮ್ಮ ಪಾಲಿಸಿ ಪ್ರಕಾರ ಕೆಲಸಕ್ಕಿದ್ದ ದಿನಾಂಕ ಮಾತ್ರ ಹೇಳಬಹುದು ಅಂದರು. ಇಷ್ಟು ಹೊತ್ತು ಪಾಠದ ಬಗ್ಗೆ ಹೇಳುವಾಗ ಆ ಪಾಲಿಸಿ ಎಲ್ಲಿತ್ತು? "ಮಕ್ಕಳ ಜೊತೆಗಿನ ಅವರ ನಡವಳಿಕೆ ಬಗ್ಗೆ ನಿಮಗೆ ಯಾವತ್ತಾದ್ರೂ ಆತಂಕ ಆಗಿತ್ತಾ ಮೇಡಂ?" ಅಂತ ನೇರವಾಗಿ ಕೇಳಿದೆ. ಇಮೇಲ್ ಕಳಿಸಿ ಅಂದರು. ಕಳಿಸಿದೆ. ಮತ್ತೆ ಕಳಿಸಿದೆ. ಉತ್ತರ ಬರಲೇ ಇಲ್ಲ.

ನಾವು ಅವರನ್ನು ತೆಗೆದುಕೊಳ್ಳಲಿಲ್ಲ. ಪ್ರಿನ್ಸಿಪಾಲರಿಗೆ ಸಿಟ್ಟು ಬಂತು. "ಒಂದು ಫೋನ್ ಕಾಲ್ ನಂಬ್ಕೊಂಡು ಒಳ್ಳೆ ಟೀಚರ್‌ನ ಬಿಡೋದಾ?" ಅಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಅಲ್ಲಿ ಏನೂ ಆಗದೆಯೂ ಇರಬಹುದು, ಬರೀ ಸಂಬಳದ ಜಗಳ ಇರಬಹುದು. ಅದು ನಮಗೆ ಗೊತ್ತಾಗುವುದೇ ಇಲ್ಲ. ಆ ಟೀಚರ್‌ಗೆ ಅನ್ಯಾಯವಾಗಿದ್ದರೆ ಅದನ್ನು ಮಾಡಿದ್ದು ಬಾಯಿ ಬಿಡದ ಸ್ಕೂಲು ಅಂತಲೇ ನನ್ನ ಲೆಕ್ಕ.

ಇದರ ಇನ್ನೊಂದು ಮಗ್ಗುಲು, ನಮಗೆ ಬೇರೆ ಸ್ಕೂಲಿನಿಂದ ಫೋನ್ ಬಂದಾಗ ಹೇಳಲು ನಮ್ಮಲ್ಲಿ ಏನಿದೆ ಅನ್ನುವುದು. ಅದಕ್ಕೇ ಸ್ಟಾಫ್ ನಡವಳಿಕೆಯಲ್ಲಿ ಕಂಡ ಸಣ್ಣಪುಟ್ಟದ್ದನ್ನೂ ಬರೆದಿಡುವ ಪದ್ಧತಿ ಇದೆ. ಇಂಗ್ಲೆಂಡಿನ ಶಾಲೆಗಳ ಮಾರ್ಗಸೂಚಿಯಲ್ಲಿ 2021ರಲ್ಲಿ ಇದನ್ನು ಸೇರಿಸಿದರು, ನಾವೂ ಹಾಗೇ ಮಾಡುತ್ತೇವೆ. ಒಂದು ಸಲ ಬಸ್ ಆಯಾ ಒಬ್ಬರು ಬಂದು, "ಮೇಡಂ, ಆ ಸಾರು ಒಂದು ಹುಡುಗನ್ನ ಮಾತ್ರ ದಿನಾ ಅವರ ಕಾರಲ್ಲೇ ಬಿಡ್ತಾರೆ, ಬಸ್ಸಲ್ಲಿ ಸೀಟ್ ಖಾಲಿ ಇದ್ರೂನೂ" ಅಂದರು. ಅಪರಾಧ ಅಲ್ಲ, ಆದರೆ ನಮ್ಮ ನಿಯಮಕ್ಕೆ ಹೊರತು. ದಿನಾಂಕ, ಸಮಯ, ಆಯಾ ಹೇಳಿದ ಮಾತು ಹಾಗೆಹಾಗೇ ಬರೆದುಕೊಂಡೆವು. ಆ ಸಾರ್ ಅನ್ನು ಕರೆದು ಮಾತಾಡಿದರೆ, "ನನ್ನ ಮೇಲೇ ಅನುಮಾನಾನಾ?" ಅಂತ ನೊಂದುಕೊಂಡರು. ಹುಡುಗನ ಮನೆ ಅವರ ದಾರಿಯಲ್ಲೇ ಇತ್ತಂತೆ. ಅದನ್ನೂ ಬರೆದೆವು, ಅವರೂ ಸಹಿ ಹಾಕಿದರು. ಮಾರನೇ ದಿನದಿಂದ ಹುಡುಗ ಬಸ್ಸಿನಲ್ಲೇ ಹೋದ. ಇಂಥವು ಜಾಸ್ತಿ ಮುಗಿಯುವುದೇ ಹೀಗೆ.

ಲೈಂಗಿಕ ಅಪರಾಧದ ಸುಳಿವು ಇದ್ದರೆ ಮಾತ್ರ ಹೀಗೆ ಬರೆದಿಟ್ಟು ಸುಮ್ಮನಾಗುವಂತಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ಮೊದಲು ನಾವೇ ಒಳಗೆ ವಿಚಾರಿಸೋಣ, ಸ್ಕೂಲಿನ ಹೆಸರು ಹಾಳಾಗುತ್ತೆ" ಅನ್ನುವ ಮ್ಯಾನೇಜ್‌ಮೆಂಟಿಗೆ ನಾನು ತೋರಿಸುವುದು 21ನೇ ಸೆಕ್ಷನ್: ತಮ್ಮ ಕೈಕೆಳಗಿನವರು ಮಾಡಿದ ಅಪರಾಧವನ್ನು ತಿಳಿಸದ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆಯಲ್ಲಿ ರಕ್ಷಣೆಯೂ ಇದೆ. ಮಗುವಿನ ಹೇಳಿಕೆ ಪಡೆಯಲು ಪೊಲೀಸರು ಯೂನಿಫಾರ್ಮ್ ಇಲ್ಲದೆ ಮನೆಗೋ, ಮಗು ಹೇಳಿದ ಜಾಗಕ್ಕೋ ಬರಬೇಕು. ಇದು ಗೊತ್ತಾದರೆ ಪೋಷಕರಿಗೂ ಅರ್ಧ ಭಯ ಹೋಗುತ್ತದೆ.

ನನಗೆ ಇನ್ನೂ ಪೂರ್ತಿ ಹತೋಟಿಗೆ ಸಿಗದಿರುವುದು ಕಾಂಟ್ರ್ಯಾಕ್ಟ್ ಸ್ಟಾಫ್. 2020ರ ಪೋಕ್ಸೋ ನಿಯಮಗಳ ಪ್ರಕಾರ ಗುತ್ತಿಗೆಯವರಿಗೂ ಪೊಲೀಸ್ ಪರಿಶೀಲನೆ ಆಗಬೇಕು, ಅದೂ ಆಗಾಗ. ಏಜೆನ್ಸಿಯವರು ಬೆಳಗ್ಗೆ ಆರಕ್ಕೆ ಫೋನ್ ಮಾಡಿ, "ಡ್ರೈವರ್‌ಗೆ ಹುಷಾರಿಲ್ಲ, ಬೇರೆಯವ್ರನ್ನ ಕಳ್ಸಿದ್ದೀವಿ ಮೇಡಂ" ಅನ್ನುತ್ತಾರೆ. ಫೈಲು ಇಲ್ಲದವರ ಕೈಗೆ ಬಸ್ಸಿನ ಕೀ ಕೊಡುವುದಿಲ್ಲ. ಆ ರೂಟಿನ ಪೋಷಕರು ವಾಟ್ಸಾಪ್ ಗ್ರೂಪಿನಲ್ಲಿ ಬೈಯುತ್ತಾ ಮಕ್ಕಳನ್ನು ತಾವೇ ತಂದು ಬಿಡುತ್ತಾರೆ. ಮುಂಚೆಯೇ ಪರಿಶೀಲನೆ ಮುಗಿಸಿದ ಬದಲಿ ಡ್ರೈವರ್‌ಗಳ ಒಂದು ಪಟ್ಟಿ ಮಾಡಿಟ್ಟಿದ್ದೇವೆ. ಮದುವೆ ಸೀಸನ್ ಬಂದರೆ ಅವರೂ ಸಿಗುವುದಿಲ್ಲ.