ಕೊನೆಯ ಹಿಂಬದಿ

ಹೊಸನಗರದ ಕಡೆ ಅಡಿಕೆ ತೋಟ ಇರೋರಿಗೆ ಮೇ ತಿಂಗಳ ಕೊನೇಲಿ ಇರೋದು ಒಂದೇ ಚಿಂತೆ, ಔಷಧಿ ಹೊಡೆಯೋಕೆ ಕೊನೆಗೌಡ್ರು ಸಿಕ್ಕಿದ್ರಾ ಇಲ್ವಾ. ಮದುವೆಮನೆ ಪಂಕ್ತೀಲಿ ಕೂತ್ರೂ ಅದೇ ಮಾತು. ನಮ್ಮನೆಗೆ ಬರೋ ಗೌಡ್ರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದ್ಕೊಂಡಿದ್ದೆ. ಹೆಸರು ಮಾತ್ರ ಹಾಕಲ್ಲ, ಹಾಕಿದ್ರೆ ಇಡೀ ಹೋಬಳಿಯೋರು ಅವರ ಮನೆ ಅಂಗಳದಲ್ಲಿ ನಿಲ್ತಾರೆ, ಆಮೇಲೆ ನಮಗೇ ಸಿಗಲ್ಲ.

ಗೊತ್ತಿಲ್ಲದೋರಿಗೆ ಹೇಳ್ಬಿಡ್ತೀನಿ, ಅಡಿಕೆ ಮರ ಹತ್ತಿ ಕೊನೆ, ಅಂದ್ರೆ ಅಡಿಕೆ ಗೊನೆ, ಕೊಯ್ಯೋರು ಕೊನೆಗೌಡ್ರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯೋರೂ ಅವರೇ. ಕೊಯ್ಲು ಎಲ್ಲರ ಕಣ್ಣಿಗೂ ಬೀಳತ್ತೆ, 50-60 ಅಡಿ ಮೇಲೆ ಪಕ್ಕದ ಮರನ ಎಳ್ಕೊಂಡು ಕೆಳಗಿಳೀದೇನೇ ದಾಟಿ ಹೋಗ್ತಾರಲ್ಲ, ಬೆಂಗಳೂರಿಂದ ಬಂದ ನೆಂಟ್ರು ಅದನ್ನ ವಿಡಿಯೋ ಮಾಡ್ಕೊಂಡು ಹೋಗ್ತಾರೆ. ಔಷಧಿ ಹೊಡೆಯೋದನ್ನ ಯಾರೂ ವಿಡಿಯೋ ಮಾಡಲ್ಲ, ಆದ್ರೆ ನಮ್ಮ ಗೌಡ್ರ ಕಸುಬು ಏನು ಅಂತ ತಿಳೀಬೇಕಂದ್ರೆ ಅದನ್ನೇ ನೋಡ್ಬೇಕು.

ಶುರುವಾಗೋದು ಕೆಳಗೆ ಬ್ಯಾರೆಲ್ ಹತ್ರ. ಈ ಔಷಧಿಗೆ ಬೋರ್ಡೋ ದ್ರಾವಣ ಅಂತಾರೆ, ಅದರ ಲೆಕ್ಕ ಎಲ್ಲರಿಗೂ ಬಾಯಿಪಾಠ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಬಾಯಿಪಾಠ ಇರೋದ್ರಿಂದ್ಲೇ ಜನ ಅದನ್ನ ಕಣ್ಣು ಮುಚ್ಕೊಂಡು ಕಲೆಸ್ತಾರೆ ಅನ್ಸತ್ತೆ. ಗೌಡ್ರು ಹಾಗಲ್ಲ. ತುತ್ತನ ಹಿಂದಿನ ರಾತ್ರಿನೇ ಬಟ್ಟೇಲಿ ಕಟ್ಟಿ ನೀರಲ್ಲಿ ಇಳಿಬಿಡಿಸ್ತಾರೆ, ಅದೂ ಪ್ಲಾಸ್ಟಿಕ್ ಡ್ರಮ್ಮಲ್ಲೇ ಆಗ್ಬೇಕು, ಕಬ್ಬಿಣದ್ದು ಮುಟ್ಟಂಗಿಲ್ಲ. ಸುಣ್ಣನ ಬೇರೆ ಕಡೆ ಕರಗಿಸಿ ಸೋಸಿಸ್ತಾರೆ, ಇಲ್ಲಾಂದ್ರೆ ಮರದ ಮೇಲೆ ನಾಜಲ್ ಕಟ್ಕೊಳ್ಳತ್ತೆ. ತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯಬೇಕೇ ಹೊರತು ಸುಣ್ಣನ ತಂದು ತುತ್ತಕ್ಕಲ್ಲ, ಹುಯ್ಯೋವಾಗ ಕೋಲಲ್ಲಿ ತಿರುಗಿಸ್ತಾನೇ ಇರಬೇಕು. ಆಮೇಲೆ ಕತ್ತಿ ಅದ್ದಿ ನೋಡ್ತಾರೆ. ತುತ್ತ ಜಾಸ್ತಿಯಾಗಿ ಉಳಿದಿದ್ರೆ ಕಬ್ಬಿಣದ ಮೇಲೆ ತಾಮ್ರ ಕೂತು ಕೆಂಪಗಾಗತ್ತೆ, ಆಗ ಇನ್ನೊಂಚೂರು ಸುಣ್ಣ ಬೇಕು. ಅಂಗಡೀಲಿ ಈಗ ಪಿಎಚ್ ಪೇಪರ್ ಸಿಗತ್ತೆ, ಅದನ್ನೂ ನೋಡ್ತಾರೆ, ಕತ್ತೀನೂ ನೋಡ್ತಾರೆ, ಪ್ರತಿ ಬ್ಯಾರೆಲ್ಲಿಗೂ ನೋಡ್ತಾರೆ. ಬೆಳಗ್ಗೆ ಸರಿ ಇತ್ತಲ್ಲ ಗೌಡ್ರೇ ಅಂದ್ರೆ ಉತ್ತರನೇ ಇಲ್ಲ, ಕೇಳಿಸದೇ ಇರೋ ಹಾಗೆ ಇರ್ತಾರೆ. ಸಂಜೆ ಉಳಿದಿದ್ದನ್ನ ಮಾರನೇ ದಿನ ಹೊಡೆಯಲ್ಲ. ಅರ್ಧ ಬ್ಯಾರೆಲ್ ದಂಡ ಆಯ್ತಲ್ಲ ಅಂತ ಅಪ್ಪ ಸಂಕಟ ಪಟ್ಕೊಂಡಿದ್ದಕ್ಕೆ "ಭಟ್ರೇ, ನಿಮ್ ತುತ್ತ ಉಳ್ಸಕ್ ಹೋಗಿ ನಿಮ್ ಅಡಿಕೆ ಉದುರ್ಸ್ಲಾ?" ಅಂದ್ರು. ಅಪ್ಪ ಸುಮ್ನೆ ಒಳಗೆ ಹೋದ್ರು.

ಬೋರ್ಡೋ ಬಂದ ರೋಗನ ವಾಸಿ ಮಾಡಲ್ಲ, ಬರೋದನ್ನ ತಡೆಯತ್ತೆ ಅಷ್ಟೇ, ಅದೂ ಎಲ್ಲಿ ಅಂಟಿದ್ಯೋ ಅಲ್ಲಿ ಮಾತ್ರ. ಕೊಳೆ ತರೋ ಫೈಟಾಫ್ತೊರಾ ಅನ್ನೋ ರೋಗಾಣು ಹರಡೋದು ನೀರಲ್ಲಿ, ನಮ್ಮಲ್ಲಿ ಆರಿದ್ರಾ ಮಳೆ ಹಿಡಿದ್ರೆ ಕೊನೆಯಿಂದ ನೀರಿಳಿಯೋದು ನಿಲ್ಲೋದೇ ಇಲ್ಲ. ಮೊದಲು ಕಾಯಿಯ ತೊಟ್ಟಿನ ಹತ್ರ ನೀರು ತುಂಬ್ಕೊಂಡ ಥರ ಕಪ್ಪು ಹಸಿರು ಕಲೆ, ಆಮೇಲೆ ಮರದ ಬುಡದ ತುಂಬಾ ಹಸಿರಡಿಕೆ. ಅಂದ್ರೆ ಕೊನೆಯ ಮುಂದುಗಡೆ ನೀಲಿ ಬಣ್ಣ ಚೆನ್ನಾಗಿ ಕಂಡ್ರೆ ಏನೂ ಆದಂಗಲ್ಲ, ಮರಕ್ಕೆ ಒತ್ಕೊಂಡಿರೋ ಹಿಂಬದಿ, ಎಸಳುಗಳ ಸಂದಿ, ತೊಟ್ಟು, ಅಲ್ಲೆಲ್ಲ ಔಷಧಿ ಹೋಗಿರಬೇಕು, ಮತ್ತೆ ಅದು ಯಾವುದೂ ಕೆಳಗೆ ನಿಂತ ಯಜಮಾನನಿಗೆ ಕಾಣಲ್ಲ. ಮುಂದಿಂದ ಒಂದು ಸುತ್ತು ಹೊಡೆದು ಇಳಿದ್ರೆ ಕೇಳೋರು ಯಾರು? ಆಗಸ್ಟಲ್ಲಿ ಅಡಿಕೆ ಉದುರಿದ್ರೆ ಈ ಸಲ ಮಳೆ ಜಾಸ್ತಿ ಆಯ್ತು ಅಂದ್ಬಿಟ್ರೆ ಮುಗೀತು, ಮಳೆ ಹೇಗೂ ಜಾಸ್ತಿನೇ ಇರತ್ತೆ ಇಲ್ಲಿ, ಜೋರು ಮಳೆಗೆ ಹೆಸರಾದ ಹುಲಿಕಲ್ಲು ಪಕ್ಕದಲ್ಲೇ. ಗೌಡ್ರು ಕಾಲಿನ ತಳೆ (ಮರ ಹತ್ತೋಕೆ ಕಾಲಿಗೆ ಹಾಕೋ ಬಳೆ) ಬಿಗಿ ಮಾಡ್ಕೊಂಡು, ಒಂದು ಕೈಲಿ ಕೊನೆ ಎತ್ತಿ ಹಿಡ್ಕೊಂಡು, ಹಿಂದಕ್ಕೆ ನಾಜಲ್ ತೂರಿಸಿ ಹೊಡೀತಾರೆ, ಎಳೇ ಕೊನೆ ಬೇರೆ, ಬಲಿತ ಕೊನೆ ಬೇರೆ. ಆಗಷ್ಟೇ ಬಿಚ್ಚಿರೋ ಹಿಂಗಾರಕ್ಕೆ, ಅಂದ್ರೆ ಅಡಿಕೆ ಹೂವಿಗೆ, ನೇರ ಹಿಡಿಯಲ್ಲ.

ಇದರಿಂದ ನಿಧಾನ ಆಗತ್ತೆ, ಹೌದು. ಬೇರೆಯವರು ಮರಕ್ಕಿಷ್ಟು ಅಂತ ಮಾತಾಡ್ಕೊಂಡು ಮಧ್ಯಾಹ್ನದ ಹೊತ್ತಿಗೆ ಒಂದು ತೋಟ ಮುಗಿಸಿ ಇನ್ನೊಂದಕ್ಕೆ ಹೋಗಿರ್ತಾರೆ, ನಮ್ಮವರು ದಿನಗೂಲಿ, ಅದೂ ಮಳೆ ಬಿಟ್ಟು ಹೊಳವಾದ್ರೆ ಮಾತ್ರ. ಕೊನೆ ಒದ್ದೆ ಇದ್ರೆ ಹತ್ತೋದೇ ಇಲ್ಲ, ಜಗಲೀಲಿ ಕೂತು ಕವಳ ಹಾಕ್ತಾ ಇರ್ತಾರೆ. ಎರಡನೇ ಔಷಧಿ 40-45 ದಿನಕ್ಕೆ ಆಗ್ಬೇಕು, ಅದು ಬರೋದು ಪುನರ್ವಸು ಪುಷ್ಯದ ಜಡಿಮಳೇಲಿ, ಆಗ ಅವರನ್ನ ಕಾಯೋದು ಅಂದ್ರೆ ಬಿಪಿ ಏರತ್ತೆ ಮಾರಾಯ್ರೆ. ಇದನ್ನ ಹೊಗಳಿಕೆ ಅಂತ ಹೇಳ್ತಿಲ್ಲ, ಕೆಲವು ಸಲ ನಿಜವಾಗ್ಲೂ ಸಿಟ್ಟು ಬರತ್ತೆ.

ಮೊದಲೆಲ್ಲ ಔಷಧಿ ಅನ್ನೋದೇ ಇರ್ಲಿಲ್ಲ, ಹುಲ್ಲಿನ ಕೊಟ್ಟೆ ಮಾಡಿ ಒಂದೊಂದು ಕೊನೆಗೂ ಕಟ್ತಿದ್ರು, ಮಳೆ ನೀರು ತಾಗ್ಬಾರ್ದು ಅಂತ. ಆಮೇಲೆ ಲೆಸ್ಲಿ ಕೋಲ್ಮನ್ ಅಂತ ಕೆನಡಾದವರೊಬ್ರು ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಈ ಕೊಳೆನ ಅಭ್ಯಾಸ ಮಾಡಿದ್ರು, 1910ರಲ್ಲಿ ಇದ್ರ ಮೇಲೇ ಅವರದೊಂದು ವರದಿ ಬಂತು, ಬೋರ್ಡೋ ನಮ್ಮ ತೋಟಕ್ಕೆ ಬಂದಿದ್ದು ಅವರಿಂದ. ಮೂಲ ಅಂತೂ ಫ್ರಾನ್ಸಿನ ದ್ರಾಕ್ಷಿ ತೋಟ, ದಾರೀಲಿ ಹೋಗೋರು ಕದೀಬಾರ್ದು ಅಂತ ರಸ್ತೆ ಬದಿ ಬಳ್ಳಿಗೆ ತುತ್ತ ಸುಣ್ಣ ಎರಚ್ತಿದ್ರಂತೆ, ಆ ಬಳ್ಳಿಗೆ ರೋಗ ಬರ್ಲಿಲ್ಲ. ಗೌಡ್ರಿಗೆ ಈ ಕಥೆ ಹೇಳಿದಾಗ ಕೋಲ್ಮನ್ ವಿಷಯಕ್ಕೆ ಹೂಂ ಅಂದ್ರು, ಕಳ್ಳರ ವಿಷಯಕ್ಕೆ ಮಾತ್ರ ಜೋರಾಗಿ ನಕ್ರು, ನಂತರ ಕೇಳಿದ್ದು ಒಂದೇ ಪ್ರಶ್ನೆ: "ಆ ಸಾಹೇಬ್ರು ಮರ ಹತ್ತಿದ್ರಾ?"

ಈಗ ಕಾರ್ಬನ್ ಫೈಬರ್ ದೋಟಿ, ಅಂದ್ರೆ ಉದ್ದದ ಕೋಲು, ಬಂದಿದೆ, ನೆಲದ ಮೇಲೆ ನಿಂತೇ ಕೊಯ್ಯಬಹುದು, ಔಷಧಿನೂ ಹೊಡೀಬಹುದು. ನನ್ನ ಕೇಳಿದ್ರೆ ಅದು ಬಂದಿದ್ದೇ ಒಳ್ಳೇದು, ಮರದಿಂದ ಬಿದ್ದು ಸೊಂಟ ಹೋಗಿ ಮಲಗಿದೋರ ಮನೆಗಳು ನಮ್ಮ ಸುತ್ತಲೂ ಇದಾವೆ, ಗೌಡ್ರ ಮಗ ಮರ ಹತ್ತದೇ ಶಿವಮೊಗ್ಗದಲ್ಲಿ ಕೆಲಸ ಹಿಡಿದಿದ್ದಕ್ಕೆ ಅವರ ಮನೇಲೂ ಖುಷಿನೇ. ಗೌಡ್ರು ದೋಟಿ ಹಿಡಿದು ನೋಡಿ, ಹಗುರ ಇದೆ, ಆದ್ರೆ ಹಿಂಬದಿ ಗೊತ್ತಾಗಲ್ಲ ಅಂದ್ರು. ಅಷ್ಟಕ್ಕೇ ಬಿಡ್ಲಿಲ್ಲ. ಪಕ್ಕದ ತೋಟದಲ್ಲಿ ದೋಟಿ ಹುಡುಗರು ಹೊಡೀತಿದ್ರೆ ಇವರು ಬೇಲಿ ದಾಟಿ ಹೋಗಿ ಮರದ ಆಚೆ ಬದೀಲಿ ನಿಂತ್ಕೊಂಡು "ಬಗ್ಸೋ, ಇನ್ನೂ ಈಚೆ, ಆ ಸಂದಿ ಬಿಟ್ಟೆ" ಅಂತ ಕೂಗ್ತಿರ್ತಾರೆ, ತಲೆ ಮೇಲೆಲ್ಲ ನೀಲಿ. ಹುಡುಗರು ಮೊದಲು ಗೊಣಗ್ತಿದ್ರು. ಈಗ ಆ ತೋಟದೋರು ದೋಟಿ ಕರೆಸೋ ದಿನ ಗೌಡ್ರಿಗೂ ಹೇಳಿ ಕಳಿಸ್ತಾರೆ, ಸಂಬಳ ಕೊಡ್ತಾರೆ, ಮರ ಹತ್ತಿದ ದಿನದ್ದರಲ್ಲಿ ಅರ್ಧ. ಪೂರ್ತಿ ಕೊಡ್ಬೇಕು ಅಂತ ನನ್ನ ವಾದ.